ಲಗ್ನಪತ್ರಿಕೆಗೆ ಒಪ್ಪುವ ಬಳುಕಿನ ಅಕ್ಷರ

ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಸೀರೆಗೆ, ಒಡವೆಗೆ, ಛತ್ರಕ್ಕೆ ಹತ್ತು ಕಡೆ ವಿಚಾರಿಸುತ್ತೀರಿ. ಲಗ್ನಪತ್ರಿಕೆಯ ಅಕ್ಷರ ಮಾತ್ರ ಪ್ರೆಸ್ಸಿನವರ ಇಷ್ಟಕ್ಕೆ ಬಿಟ್ಟದ್ದು! ಇಂಗ್ಲಿಷ್ ಒಕ್ಕಣೆಯೂ ಬೇಕೆಂದರೆ ಅವರು ಬಲಕ್ಕೆ ಬಾಗಿದ, ಕೈಬರಹದಂತೆ ಬಳುಕುವ ಅಕ್ಷರವೊಂದನ್ನು ತೋರಿಸುವುದುಂಟು. ಅದರ ಹೆಸರು ಮಾನೊಟೈಪ್ ಕೊರ್ಸಿವಾ. ಮೈಕ್ರೋಸಾಫ್ಟ್ ಆಫೀಸ್ ಜೊತೆಗೇ ಬಂದದ್ದರಿಂದ ಸಣ್ಣ ಊರಿನ ಡಿ.ಟಿ.ಪಿ. ಅಂಗಡಿಗೂ ಅದು ತಲುಪಿತು.

ಇದನ್ನು ರೂಪಿಸಿದ್ದು ಒಬ್ಬ ಮಹಿಳೆ ಅಂತ ಎಷ್ಟು ಜನಕ್ಕೆ ಗೊತ್ತು? ಅವರು ಇಂಗ್ಲೆಂಡಿನ ಮಾನೊಟೈಪ್ ಕಂಪನಿಯ ಪೆಟ್ರಿಷಿಯಾ ಸಾಂಡರ್ಸ್. ಕಂಪ್ಯೂಟರುಗಳಲ್ಲಿ ನೀವು ದಿನಾ ಕಾಣುವ ಏರಿಯಲ್ ಅಕ್ಷರವನ್ನು 1982ರಲ್ಲಿ ರಾಬಿನ್ ನಿಕೋಲಸ್ ಜೊತೆ ರಚಿಸಿದವರೂ ಇವರೇ.

ಬಾಗಿದ ಅಕ್ಷರದ ತವರು ಇಟಲಿ. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನುಟಿಯಸ್ ಇಂಥ ಅಚ್ಚಿನಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಹೊರತಂದ. ಅದರ ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಕೊರ್ಸಿವಾಗೆ ಮೇಲ್ಪಂಕ್ತಿಯಾದದ್ದು ರೋಮಿನಲ್ಲಿ ಪೋಪರ ಕಚೇರಿಯ ಲಿಪಿಕಾರನಾಗಿದ್ದ ಲುಡೊವಿಕೊ ಆರ್ರಿಗಿಯ ಕೈಬರಹ. 1522ರ ಸುಮಾರಿಗೆ ಅವನು ಈ ಬರಹ ಕಲಿಸುವ ಪುಟ್ಟ ಪುಸ್ತಕವನ್ನೇ ಮರದಚ್ಚಿನಲ್ಲಿ ಮುದ್ರಿಸಿದ.

ಗೀಟು ಒಂದು ಕಡೆ ದಪ್ಪ, ಇನ್ನೊಂದು ಕಡೆ ಎಳೆಯಂತೆ ಸಣ್ಣ, ಏಕೆ? ಎಲ್ಲ ಅಗಲ ಮೂತಿಯ ಲೇಖನಿಯ ಕರಾಮತ್ತು. ಐಸ್‌ಕ್ಯಾಂಡಿ ಕಡ್ಡಿಯ ತುದಿಯನ್ನು ನೇರವಾಗಿ ಕತ್ತರಿಸಿ, ಮಸಿಯಲ್ಲಿ ಅದ್ದಿ, ಓರೆಯಾಗಿ ಹಿಡಿದು, ಕೈ ತಿರುಗಿಸದೆ ಎಳೆದು ನೋಡಿ. ಮಕ್ಕಳಿಗೆ ರಜೆಯಲ್ಲಿ ಒಳ್ಳೆಯ ಆಟ.

ಈಗ ನಿಮಗೆ ಬೇಕಾದ ಮಾತು. ವಧೂವರರ ಹೆಸರು ಎದ್ದು ಕಾಣಲೆಂದು ಅದನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕಿಸುವವರಿದ್ದಾರೆ. ಕೊರ್ಸಿವಾದಲ್ಲಿ ಹಾಗೆ ಖಂಡಿತ ಮಾಡಿಸಬೇಡಿ! ಅದರ ದೊಡ್ಡಕ್ಷರಗಳಿಗೆ ಬಾಲ, ಸುರುಳಿ ಎಲ್ಲ ಇವೆ. ಪದದ ಮೊದಲಿಗೆ ಒಂದೇ ಇದ್ದರೆ ಸೊಗಸು, ಸಾಲಾಗಿ ನಿಲ್ಲಿಸಿದರೆ ಒಂದಕ್ಕೊಂದು ತೊಡರಿ ಹುಡುಗಿಯ ಹೆಸರೇ ಓದಲಾಗದು. ಸಣ್ಣಕ್ಷರಗಳ ಮೈ ಪುಟ್ಟದು, ಆದ್ದರಿಂದ ಹತ್ತು ಪಾಯಿಂಟಿಗೆ ಒಪ್ಪಬೇಡಿ, ಹದಿನಾಲ್ಕಾದರೂ ಇರಲಿ. ಹೆಸರು, ಆಮಂತ್ರಣದ ಎರಡು ಸಾಲು, ಕೇಕಿನ ಪೆಟ್ಟಿಗೆಯ ಚೀಟಿ, ಇಷ್ಟಕ್ಕೇ ಅದು ಚೆನ್ನ. ಪುಟವಿಡೀ ತುಂಬಿದರೆ ಕಣ್ಣು ಸೋಲುತ್ತದೆ. ಛತ್ರದ ವಿಳಾಸ, ಮುಹೂರ್ತದ ವೇಳೆ ನೆಟ್ಟಗಿನ ಸಾದಾ ಅಕ್ಷರದಲ್ಲೇ ಇರಲಿ.

ಕನ್ನಡದ ಒಕ್ಕಣೆಯನ್ನೂ ಹೀಗೆ ಬಾಗಿಸೋಣ ಅಂತ ಪ್ರೆಸ್ಸಿನವರು ಹೇಳಿದರೆ ಬೇಡ ಎನ್ನಿ. ನಮ್ಮದು ಮೊದಲೇ ದುಂಡು ಲಿಪಿ. ಗುಂಡಿ ಒತ್ತಿ ಓರೆ ಮಾಡಿದರೆ ಗಾಳಿಗೆ ವಾಲಿದ ಬಾಳೆಗಿಡದ ಹಾಗೆ ಕಾಣುತ್ತದೆ, ಅಷ್ಟೇ.

ಐನೂರು ಪ್ರತಿ ಅಚ್ಚಾದ ಮೇಲೆ ತಿದ್ದುವ ಹಾಗಿಲ್ಲವಲ್ಲ. ಕರಡು ಪ್ರತಿ ಕೈಗೆ ಬಂದೊಡನೆ ಮನೆಯ ಹಿರಿಯರೊಬ್ಬರಿಗೆ ಕೊಟ್ಟು, ಸಂಜೆಯ ದೀಪದ ಬೆಳಕಿನಲ್ಲಿ ಗಟ್ಟಿಯಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಪ್ರೆಸ್ಸಿಗೆ ಹಿಂತಿರುಗಿಸಿ.