ಹಳೆಯ ಕೈಗಡಿಯಾರವನ್ನು ಉಜ್ಜುವ ಮುನ್ನ

ನಿಮ್ಮ ಮನೆಯ ಕಪಾಟಿನಲ್ಲೋ ಹಳೆಯ ಟ್ರಂಕಿನ ತಳದಲ್ಲೋ ಕೀ ಕೊಡುವ ಕೈಗಡಿಯಾರವೊಂದು ಬಿದ್ದಿರಬಹುದು. ತಂದೆಯದೋ, ಮಾವನದೋ, ಅಜ್ಜನದೋ ಇರಬಹುದು. ಬೆಲ್ಟು ಹರಿದಿದೆ, ಗಾಜು ಮಸುಕಾಗಿದೆ, ಡಯಲ್ ಹಳದಿಗಟ್ಟಿದೆ. ಗುಜರಿಗೆ ಹಾಕುವುದೇ ಅಥವಾ ಪಾಲಿಶ್ ಮಾಡಿಸಿ ಹೊಸದರಂತೆ ಮಾಡಿಸುವುದೇ ಎಂದು ನೀವು ಯೋಚಿಸುತ್ತಿದ್ದರೆ ಸ್ವಲ್ಪ ತಡೆಯಿರಿ. ಈ ಎರಡರಲ್ಲಿ ಯಾವುದನ್ನು ಮಾಡಿದರೂ ನಷ್ಟವೇ.

ನಾನೇ ಆ ತಪ್ಪು ಮಾಡಿದವನು. ನನ್ನ ತಂದೆಯ ಮದುವೆಯ ದಿನ ಉಮ್ಮಾನ ಅಣ್ಣ ಅವರ ಕೈಗೆ ಒಂದು ಎಚ್.ಎಂ.ಟಿ. ಜನತಾ ವಾಚು ಕಟ್ಟಿದ್ದರು. ಸುಬ್‌ಹಿ ನಮಾಝಿಗೆ ಎದ್ದಾಗ ಅದಕ್ಕೆ ಕೀ ಕೊಡುವುದು ತಂದೆಯ ಜೀವನವಿಡೀ ಇದ್ದ ಅಭ್ಯಾಸ. ಅವರು ತೀರಿಹೋದ ಮೇಲೆ ಉಮ್ಮಾನಿಗೆ ಸಂತೋಷವಾಗಲಿ ಎಂದು ನಾನು ಅದನ್ನು ಪಟ್ಟಣದ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಒಂದು ವಾರದಲ್ಲಿ ವಾಚು ಫಳಫಳ ಹೊಳೆಯುತ್ತಾ ಬಂತು. ಉಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಿನ್ನ ಉಪ್ಪಾನ ವಾಚಲ್ಲ ಮೋನೇ" ಎಂದರು. ಅಂಗಡಿಯವರು ಹಳೆಯ ಡಯಲನ್ನು ಕೆರೆದು ಹೊಸ ಬಣ್ಣ ಬಳಿದಿದ್ದರು, ಮುಳ್ಳುಗಳನ್ನೂ ಬದಲಿಸಿದ್ದರು. ಕೆರೆದು ಹೋದ ಡಯಲ್ ಮತ್ತೆ ಬರುವುದಿಲ್ಲ.

ಆ ನೋವಿನಿಂದಲೇ ನಾನು ಹಳೆಯ ವಾಚುಗಳನ್ನು ಪರೀಕ್ಷಿಸುವುದನ್ನು ಕಲಿಯತೊಡಗಿದೆ. ನಾನು ಮೊದಲು ಕಲಿತದ್ದೆಂದರೆ, ಹಳೆಯ ವಾಚಿನ ಬಗ್ಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಇದು ಅಸಲಿಯೇ? ಇದು ಸುಸ್ಥಿತಿಯಲ್ಲಿದೆಯೇ? ಅಸಲಿಯಾಗಿದ್ದು ನಿಂತುಹೋದ ವಾಚನ್ನು ಓಡಿಸಬಹುದು. ಚೆನ್ನಾಗಿ ಓಡುತ್ತಿದ್ದರೂ ಅಸಲಿತನ ಕಳೆದುಕೊಂಡ ವಾಚನ್ನು ಮತ್ತೆ ಅಸಲಿ ಮಾಡಲಾಗದು.

ಬೆಂಗಳೂರಿನ ವಾಚು

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಎಚ್.ಎಂ.ಟಿ. ವಾಚೇ. 1953ರಲ್ಲಿ ಸ್ಥಾಪನೆಯಾದ ಈ ಸರಕಾರಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿ ಆರಂಭಿಸಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೊಹಿನೂರ್, ಮಹಿಳೆಯರ ಸುಜಾತಾ ಮುಂತಾದ ಹೆಸರುಗಳು ಮನೆಮಾತಾದವು. 80ರ ದಶಕದ ಕೊನೆಯಲ್ಲಿ ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳು ಮಾರುಕಟ್ಟೆಯನ್ನು ತುಂಬಿದವು. 2016ರಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ.ಯ ವಾಚು ಕಂಪೆನಿಯನ್ನು ಮುಚ್ಚಲು ನಿರ್ಧರಿಸಿತು. ಆ ಸುದ್ದಿಯಾದ ಮೇಲೆ ಹಳೆಯ ವಾಚುಗಳನ್ನು ಹುಡುಕುವವರು ಹೆಚ್ಚಾದರು. ಜೊತೆಗೆ ಬಿಡಿಭಾಗಗಳನ್ನು ಜೋಡಿಸಿ, ಡಯಲಿಗೆ ಬಣ್ಣ ಬಳಿದು "ಒರಿಜಿನಲ್" ಎಂದು ಮಾರುವವರೂ ಹುಟ್ಟಿಕೊಂಡರು.

ಮೊದಲು ಡಯಲ್ ನೋಡಿ

ಹಳೆಯ ವಾಚಿನ ಬೆಲೆಯ ಹೆಚ್ಚಿನ ಪಾಲು ಇರುವುದು ಡಯಲಿನಲ್ಲಿ. ಒಂದು ಭೂತಗನ್ನಡಿ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಕಾರ್ಖಾನೆಯಲ್ಲಿ ಮುದ್ರಿಸಿದ ಅಕ್ಷರಗಳು ತೆಳ್ಳಗೆ, ಅಂಚು ಸ್ಪಷ್ಟವಾಗಿ, ಒಂದೇ ಸಾಲಿನಲ್ಲಿರುತ್ತವೆ. ಮತ್ತೆ ಬರೆದ ಅಕ್ಷರಗಳು ದಪ್ಪವಾಗಿ, ಅಂಚು ಹರಡಿಕೊಂಡಂತೆ ಕಾಣುತ್ತವೆ. ನಿಮಿಷದ ಗೆರೆಗಳ ನಡುವಿನ ಅಂತರ ಎಲ್ಲ ಕಡೆ ಸಮವಾಗಿದೆಯೇ ನೋಡಿ. ಗಂಟೆಯ ಲೋಹದ ಕಡ್ಡಿಗಳ ಮೇಲೆ ಬಣ್ಣ ಹತ್ತಿದ್ದರೆ ಡಯಲಿಗೆ ಮತ್ತೆ ಬಣ್ಣ ಬಳಿದಿದ್ದಾರೆ ಎಂದೇ ಅರ್ಥ. ಕಣ್ಣು ಕುಕ್ಕುವ ಬಣ್ಣವಿದ್ದು, ಐವತ್ತು ವರ್ಷದ ವಾಚಿನಲ್ಲಿ ಒಂದು ಚುಕ್ಕೆಯೂ ಇಲ್ಲದಿದ್ದರೆ ಹಿಗ್ಗಬೇಡಿ, ಸಂಶಯಪಡಿ. ಸಮವಾಗಿ ಹರಡಿದ ಹಳದಿ ಛಾಯೆ ವಯಸ್ಸಿನ ಗುರುತು, ಅದು ದೋಷವಲ್ಲ. ಆದರೆ ನೀರು ಹೋಗಿ ಉಬ್ಬಿದ, ಬಣ್ಣ ಎದ್ದ ಡಯಲ್ ಅಸಲಿಯಾಗಿದ್ದರೂ ಬೆಲೆ ಇಳಿಯುತ್ತದೆ.

ಮುಳ್ಳುಗಳು ಮತ್ತು ಕವಚ

ನಿಮಿಷದ ಮುಳ್ಳು ಸಾಮಾನ್ಯವಾಗಿ ನಿಮಿಷದ ಗೆರೆಗಳವರೆಗೆ ತಲುಪಬೇಕು. ಗಿಡ್ಡವಾಗಿದ್ದರೆ ಬೇರೆ ವಾಚಿನದ್ದನ್ನು ಹಾಕಿರಬಹುದು. ಕತ್ತಲಲ್ಲಿ ಹೊಳೆಯುವ ಲೇಪವಿರುವ ವಾಚಿನಲ್ಲಿ ಡಯಲಿನ ಲೇಪವೂ ಮುಳ್ಳಿನ ಲೇಪವೂ ಒಂದೇ ರೀತಿ ಮಾಸಿರಬೇಕು. ಒಂದು ಎಚ್ಚರಿಕೆ: ಬಹಳ ಹಳೆಯ ವಿದೇಶಿ ವಾಚುಗಳ ಹೊಳೆಯುವ ಲೇಪದಲ್ಲಿ ರೇಡಿಯಂ ಎಂಬ ವಿಕಿರಣ ವಸ್ತು ಇರುತ್ತಿತ್ತು. ಅಂತಹ ವಾಚನ್ನು ಮನೆಯಲ್ಲಿ ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಹೊರಗಿನ ಕವಚ. ಬೆಲ್ಟು ಸಿಕ್ಕಿಸುವ ಕೊಂಬುಗಳ ಅಂಚು ಚೂಪಾಗಿ, ನಾಲ್ಕೂ ಒಂದೇ ಗಾತ್ರದಲ್ಲಿರಬೇಕು. ಪದೇಪದೇ ಪಾಲಿಶ್ ಮಾಡಿಸಿದ ಕವಚದ ಅಂಚುಗಳು ಸೋಪಿನ ತುಂಡಿನಂತೆ ಉರುಟಾಗುತ್ತವೆ, ಹಿಂಬದಿಯ ಅಕ್ಷರ ಮತ್ತು ಸಂಖ್ಯೆಗಳು ಅಳಿಸಿಹೋಗುತ್ತವೆ. ಚಿನ್ನದ ಬಣ್ಣದ ವಾಚಾದರೆ ಮೂಲೆಗಳಲ್ಲಿ ಲೇಪ ಹೋಗಿ ಒಳಗಿನ ಹಿತ್ತಾಳೆ ಕಾಣುತ್ತಿದೆಯೇ ನೋಡಿ. ಆದರೆ ಗಾಜಿನ ಗೀರುಗಳಿಗೆ ಹೆದರಬೇಕಾಗಿಲ್ಲ. ಆ ಕಾಲದ ಹೆಚ್ಚಿನ ವಾಚುಗಳಿಗೆ ಹಾಕಿದ್ದು ಪ್ಲಾಸ್ಟಿಕ್ ಜಾತಿಯ ಗಾಜು. ಅದನ್ನು ಉಜ್ಜಿ ಸರಿಪಡಿಸಬಹುದು, ಬದಲಿಸಲೂಬಹುದು. ಬೆಲ್ಟು, ಗಾಜು ಬದಲಾದರೆ ಬೆಲೆಗೆ ಅಷ್ಟೇನೂ ಕುಂದಿಲ್ಲ.

ಮುಚ್ಚಳ ತೆರೆದಾಗ

ಹಿಂಬದಿಯ ಮುಚ್ಚಳವನ್ನು ಚಾಕುವಿನಿಂದ ನೀವೇ ತೆರೆಯಬೇಡಿ. ನಂಬಿಕಸ್ಥ ರಿಪೇರಿಯವರು ನಿಮ್ಮ ಕಣ್ಣೆದುರೇ ತೆರೆಯಲಿ. ಡಯಲಿನ ಮೇಲೆ 17 ಜುವೆಲ್ಸ್ ಎಂದಿದ್ದರೆ ಒಳಗಿನ ಯಂತ್ರದ ಮೇಲೂ ಅದೇ ಇರಬೇಕು, ಕಂಪೆನಿಯ ಹೆಸರೂ ಹೊಂದಬೇಕು. ಒಂದು ಭಾಗ ಬೆಳ್ಳಿಯ ಬಣ್ಣ, ಪಕ್ಕದ್ದು ಹಳದಿ ಎಂದಿದ್ದರೆ ಎರಡು ವಾಚುಗಳನ್ನು ಒಂದು ಮಾಡಿರುವ ಸಂಭವವಿದೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಒರಟು ಕೈಗಳು ಅಲ್ಲಿ ಕೆಲಸ ಮಾಡಿವೆ. ತುಕ್ಕು ಇದ್ದರೆ ನೀರು ಹೋಗಿದೆ. ಅಂದಹಾಗೆ, ಜುವೆಲ್ ಎಂದರೆ ಮಾರಿ ಹಣ ಮಾಡುವ ರತ್ನವೆಂದು ಕೆಲವರು ತಿಳಿದಿದ್ದಾರೆ. ಅವು ಚಕ್ರಗಳು ಸವೆಯದಂತೆ ಕೂರಿಸುವ, ಕೃತಕವಾಗಿ ತಯಾರಿಸಿದ ಪುಟ್ಟ ಕೆಂಪು ಕಲ್ಲುಗಳು.

ಓಡಿಸಿ ನೋಡುವ ಬಗೆ

ಮೆಲ್ಲಗೆ ಕೀ ಕೊಡಿ. ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ, ಒತ್ತಾಯ ಬೇಡ. ಮೊಬೈಲಿನ ಗಂಟೆಗೆ ಹೊಂದಿಸಿ ಇಟ್ಟು, 24 ಗಂಟೆಗಳ ನಂತರ ನೋಡಿ. ದಿನಕ್ಕೆ ಅರ್ಧ ಅಥವಾ ಒಂದು ನಿಮಿಷದ ವ್ಯತ್ಯಾಸ ಹಳೆಯ ವಾಚಿಗೆ ದೊಡ್ಡ ದೋಷವಲ್ಲ. ಪೂರ್ತಿ ಕೀ ಕೊಟ್ಟರೂ ಒಂದು ದಿನ ಓಡದಿದ್ದರೆ ಒಳಗಿನ ಎಣ್ಣೆ ಒಣಗಿ ಅಂಟಾಗಿರಬಹುದು. ವಿಪರೀತ ಮುಂದೆ ಓಡುತ್ತಿದ್ದರೆ ಅಯಸ್ಕಾಂತದ ಪ್ರಭಾವವಿರಬಹುದು. ಸ್ಪೀಕರಿನ ಬಳಿ ಇಟ್ಟ ವಾಚುಗಳಿಗೆ ಹೀಗಾಗುತ್ತದೆ. ಇವೆಲ್ಲವೂ ಸರಿಪಡಿಸಬಹುದಾದ ತೊಂದರೆಗಳು. ವರ್ಷಗಟ್ಟಲೆ ಸುಮ್ಮನಿದ್ದ ವಾಚನ್ನು ಮಾತ್ರ ಒಮ್ಮೆ ತೊಳೆಸಿ ಎಣ್ಣೆ ಹಾಕಿಸಿದ ನಂತರವೇ ದಿನವೂ ಕಟ್ಟಿಕೊಳ್ಳಿ.

ಕೊಡುವಾಗ, ಮಾರುವಾಗ

ರಿಪೇರಿಗೆ ಕೊಡುವ ಮೊದಲು ಡಯಲ್, ಹಿಂಬದಿ ಮತ್ತು ಒಳಗಿನ ಯಂತ್ರದ ಫೋಟೋ ತೆಗೆದಿಟ್ಟುಕೊಳ್ಳಿ. "ತೊಳೆದು ಎಣ್ಣೆ ಹಾಕಿ, ಡಯಲ್ ಮುಟ್ಟಬೇಡಿ, ಪಾಲಿಶ್ ಬೇಡ, ಬದಲಿಸಿದ ಭಾಗವನ್ನು ನನಗೆ ಮರಳಿ ಕೊಡಿ" ಎಂದು ಚೀಟಿಯಲ್ಲಿ ಬರೆದೇ ಕೊಡಿ. ನಾನು ಅಂದು ಈ ಮಾತು ಹೇಳಿದ್ದರೆ ಸಾಕಿತ್ತು. ಹಳೆಯ ಬಿಲ್ಲು, ಗ್ಯಾರಂಟಿ ಕಾರ್ಡು, ಡಬ್ಬಿ ಇದ್ದರೆ ವಾಚಿನ ಜೊತೆಗೇ ಇಡಿ. ಅವು ಅದರ ಸಾಕ್ಷಿಗಳು.

ಕಷ್ಟಕಾಲದಲ್ಲಿ ಮಾರಬೇಕಾಗಿ ಬಂದರೆ ಮೊದಲು ಬಂದವನ ಮಾತಿಗೇ ಒಪ್ಪಬೇಡಿ, ಎರಡು ಮೂರು ಕಡೆ ವಿಚಾರಿಸಿ. ಗಂಡನನ್ನು ಕಳೆದುಕೊಂಡ ಮನೆಗೆ ಬಂದು "ಇದು ನಿಂತುಹೋದ ವಾಚು, ಏನೂ ಸಿಗದು" ಎಂದು ಚಿಲ್ಲರೆ ಕಾಸಿಗೆ ಒಯ್ಯುವವರಿದ್ದಾರೆ. ನಿಂತದ್ದು ದೊಡ್ಡ ವಿಷಯವೇ ಅಲ್ಲವೆಂದು ಈಗ ನಿಮಗೆ ತಿಳಿದಿದೆ. ಅದೇ ರೀತಿ, ಡಯಲಿಗೆ ಬಣ್ಣ ಬಳಿದದ್ದು ನಿಮಗೆ ಗೊತ್ತಿದ್ದರೆ ಕೊಳ್ಳುವವರಿಗೆ ಅದನ್ನು ಹೇಳಿಯೇ ಮಾರಿ. ಸರಕಿನ ದೋಷವನ್ನು ಮುಚ್ಚಿಡಬಾರದೆಂಬುದು ನಮಗೆ ಮದ್ರಸದ ದಿನಗಳಿಂದಲೂ ಗೊತ್ತಿರುವ ಪಾಠ. ಹಳೆಯ ವಾಚಿಗೂ ಅದು ಅನ್ವಯಿಸುತ್ತದೆ.

ನಮ್ಮ ಮನೆಯ ಆ ಜನತಾ ವಾಚು ಈಗಲೂ ಉಮ್ಮಾನ ಬಳಿ ಇದೆ. ಒಳಗಿನ ಯಂತ್ರವಾದರೂ ತಂದೆಯ ಕಾಲದ್ದೇ ಉಳಿದಿದೆ. ಉಮ್ಮ ಅದರ ಮುಖ ನೋಡುವುದು ಕಡಿಮೆ. ಕೀ ಕೊಟ್ಟು ಕಿವಿಯ ಬಳಿ ಹಿಡಿದುಕೊಳ್ಳುತ್ತಾರೆ.

ಇವತ್ತೇ ನಿಮ್ಮ ಕಪಾಟು ತೆರೆದು ನೋಡಿ. ವಾಚು ಸಿಕ್ಕಿದರೆ ಮೆತ್ತನೆಯ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಅದು ಯಾರದ್ದು, ಯಾವ ವರ್ಷ ಕೊಂಡದ್ದು, ಯಾರು ಕೊಟ್ಟದ್ದು ಎಂದು ಹಿರಿಯರನ್ನು ಕೇಳಿ, ಒಂದು ಕಾಗದದಲ್ಲಿ ಬರೆದು ಜೊತೆಗಿಡಿ. ಮಕ್ಕಳಿಗೆ ಮುಂದೆ ಅದು ಬೇಕಾಗುತ್ತದೆ.