ಬೆಳೆದವನ ಬೆಲೆ, ಹೂಡಿದವನ ಲಾಭ

ಭಾಗಮಂಡಲದಿಂದ ಪಶ್ಚಿಮಾಭಿಮುಖವಾಗಿ ಹೊರಟು, ದಟ್ಟವಾದ ಕಾಡಿನ ನಡುವೆ ಸುತ್ತಿ ಸುತ್ತಿ ಘಟ್ಟವನ್ನಿಳಿದು ಕೇರಳದ ಪಾಣತ್ತೂರನ್ನು ಸೇರುವ ದಾರಿಯಲ್ಲಿ, ಕೊಡಗಿನ ಕಟ್ಟಕಡೆಯ ಗ್ರಾಮವಾಗಿ ನಿಂತಿರುವ ಕರಿಕೆಗೆ ಪ್ರಕೃತಿಯು ಅಡಕೆ, ತೆಂಗು, ರಬ್ಬರು, ಕರಿಮೆಣಸುಗಳನ್ನು ಧಾರಾಳವಾಗಿಯೇ ಕೊಟ್ಟಿದೆ. ಮಾರುಕಟ್ಟೆಯನ್ನು ಮಾತ್ರ ದೂರದಲ್ಲಿಟ್ಟಿದೆ. ಮಡಿಕೇರಿಗೆ ಹೋಗಬೇಕಾದರೆ ಘಟ್ಟವನ್ನು ಹತ್ತಬೇಕು, ಕಾಞಂಗಾಡಿಗೆ ಹೋಗಬೇಕಾದರೆ ರಾಜ್ಯದ ಗಡಿಯನ್ನು ದಾಟಬೇಕು. ಇಂತಹ ಊರಿನ ಬೆಳೆಗಾರನ ಪದಾರ್ಥವನ್ನು ಅವನ ಭಾವಚಿತ್ರದೊಡನೆ, ಅವನ ಕಾಡಿನ ವರ್ಣನೆಯೊಡನೆ, ನ್ಯಾಯವಾದ ಬೆಲೆಯನ್ನು ಕೊಟ್ಟು ಕೊಂಡಿರುವೆವೆಂಬ ಪ್ರತಿಜ್ಞೆಯೊಡನೆ, ಬೆಂಗಳೂರಿನ ಗ್ರಾಹಕನ ಬಾಗಿಲಿಗೆ ತಲಪಿಸುವ ಆನ್‌ಲೈನ್ ಅಂಗಡಿಗಳು ಈಗ ಹುಟ್ಟಿಕೊಂಡಿವೆ. ಅವುಗಳಿಂದ ಸರಕನ್ನು ಕೊಳ್ಳುವುದು ಒಂದು ಮಾತು. ಅವುಗಳಲ್ಲಿ ಹಣ ಹೂಡುವುದು ಬೇರೊಂದು ಮಾತು. ಸಮಾಜದ ಹೊಣೆಯನ್ನು ಹೊತ್ತಿರುವೆನೆಂದು ಹೇಳಿಕೊಳ್ಳುವ ಅಂಗಡಿಯ ಷೇರನ್ನು ಯಾವ ತಕ್ಕಡಿಯಲ್ಲಿ ತೂಗತಕ್ಕದ್ದು ಎಂಬ ಪ್ರಶ್ನೆ ಹೊಸದಾಗಿ ಕಂಡರೂ, ಅದಕ್ಕೆ ಒಂದು ಶತಮಾನಕ್ಕೂ ಮೀರಿದ ಪೂರ್ವೇತಿಹಾಸವಿದೆ.

ಬೆಳೆದವನೂ ಹೂಡಿದವನೂ ಒಬ್ಬನೇ ಆಗಿದ್ದ ಕಾಲ

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕೆಲವು ಮಂದಿ ನೇಕಾರರು ಮತ್ತು ಕುಶಲಕರ್ಮಿಗಳು ತಮ್ಮ ಅಲ್ಪ ಉಳಿತಾಯವನ್ನು ಒಟ್ಟುಗೂಡಿಸಿ, ಬೆರಕೆಯಿಲ್ಲದ ಹಿಟ್ಟು ಬೆಣ್ಣೆಗಳನ್ನು ಸರಿಯಾದ ತೂಕದಲ್ಲಿ ಮಾರುವುದಕ್ಕಾಗಿ ಒಂದು ಅಂಗಡಿಯನ್ನು ತೆರೆದರಷ್ಟೆ. ಸದಸ್ಯನು ಎಷ್ಟೇ ಹಣ ಹಾಕಿರಲಿ ಅವನಿಗೆ ಒಂದೇ ಮತ. ಬಂಡವಾಳಕ್ಕೆ ದೊರೆಯುವ ಪ್ರತಿಫಲಕ್ಕೆ ಒಂದು ಮಿತಿ. ಉಳಿದ ಲಾಭವು ಅಂಗಡಿಯೊಡನೆ ವ್ಯವಹರಿಸಿದವರಿಗೆ ಅವರವರ ವ್ಯವಹಾರದ ಪ್ರಮಾಣದಲ್ಲಿ ಹಂಚಿಕೆ. ಈ ನಿಯಮಗಳ ಚೈತನ್ಯ 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮೂಲಕ ನಮ್ಮ ದೇಶಕ್ಕೂ ಬಂದಿತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘದಲ್ಲಿ ಮೂರ್ತರೂಪವನ್ನು ತಾಳಿತು.

ಕೊಡಗು ಆಗ ಚೀಫ್ ಕಮೀಷನರರ ಆಡಳಿತಕ್ಕೊಳಪಟ್ಟ ಪ್ರತ್ಯೇಕ ಪ್ರಾಂತ. ಇಲ್ಲಿ 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು ಹುಟ್ಟಿತು. ಜೇನನ್ನು ಕಾಡಿನಿಂದ ತೆಗೆಯುವುದು ನಮ್ಮವರಿಗೆ ಹೊಸದಲ್ಲ. ಪೆಟ್ಟಿಗೆಯಲ್ಲಿ ತುಡುವೆಯನ್ನು ಸಾಕಿ, ತುಪ್ಪವನ್ನು ಸೋಸಿ, ಒಂದು ಹೆಸರಿನ ಅಡಿಯಲ್ಲಿ ದೂರದೂರಿಗೆ ಮಾರುವುದು ಹೊಸದು. ಪೆಟ್ಟಿಗೆಯಿಟ್ಟವನು ಪಾಲುದಾರನೂ ಆಗಿದ್ದನು. ಅವನು ಪಾಲಿನ ಹಣವನ್ನು ಕಟ್ಟುವಾಗ, ಅದು ಎಷ್ಟು ಪಟ್ಟು ಬೆಳೆದೀತೆಂದು ಗುಣಿಸಿ ನೋಡುವ ಅವಶ್ಯಕತೆಯಿರಲಿಲ್ಲ; ತನ್ನ ಜೇನಿಗೆ ಪೇಟೆಯ ದಲ್ಲಾಳಿಗಿಂತ ಹೆಚ್ಚಿನ ಬೆಲೆ ಬಂದರೆ ಹೂಡಿಕೆ ಸಾರ್ಥಕವಾದಂತೆಯೇ.

ಕರಿಕೆಯಂತಹ ಅಡಕೆಯ ಸೀಮೆಗೆ ಇದಕ್ಕಿಂತ ಹತ್ತಿರದ ಉದಾಹರಣೆ 1973ರಲ್ಲಿ ಮಂಗಳೂರಿನಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಸ್ಥಾಪಿತವಾದ, ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ. ಕರ್ನಾಟಕ ಕೇರಳಗಳೆರಡರ ಬೆಳೆಗಾರರನ್ನೂ ಸದಸ್ಯರನ್ನಾಗಿ ಉಳ್ಳ ಈ ಸಂಸ್ಥೆಯು, 1980ರ ಸುಮಾರಿಗೆ ಅಡಕೆ ತೋಟದ ಮಿಶ್ರಬೆಳೆಯಾದ ಕೋಕೋದ ಬೆಲೆ ಕುಸಿದು ಖಾಸಗಿಯವರು ಖರೀದಿಯಿಂದ ಹಿಂದೆಗೆದಾಗ ತಾನೇ ಮುಂದೆ ಬಂದು ಕೊಳ್ಳತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೆಟ್ ಕಾರ್ಖಾನೆಯನ್ನೂ ತೆರೆಯಿತು. ಬರಿಯ ಹೂಡಿಕೆದಾರನ ದೃಷ್ಟಿಯಿಂದ ನೋಡಿದರೆ, ಬೀಳುತ್ತಿರುವ ಪೇಟೆಯಲ್ಲಿ ಖರೀದಿಗಿಳಿಯುವುದು ಅವಿವೇಕ. ಬೆಳೆಗಾರನೇ ಪಾಲುದಾರನಾದಲ್ಲಿ ಅದೇ ವಿವೇಕ.

ಹಾಗೆಂದ ಮಾತ್ರಕ್ಕೆ ಸಹಕಾರವೆಂಬುದು ಎಲ್ಲ ಹೊಣೆಗಾರಿಕೆಗೂ ಪರ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಅಡಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು. ಬೆಳೆದವನಿಗೆ ನ್ಯಾಯವಾದುದು ತಿಂದವನಿಗೂ ಹಿತವಾಗಿಯೇ ಇರಬೇಕೆಂದಿಲ್ಲ. ಯಾರ ವಿಷಯದಲ್ಲಿ ಹೊಣೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಅಂಗಡಿಗೂ ಹಾಕಲೇಬೇಕಾಗುತ್ತದೆ.

ಇಬ್ಬರಾದ ಮೇಲೆ

1990ರ ದಶಕವು ಕೊಡಗಿನಲ್ಲಿ ಎರಡು ಪಲ್ಲಟಗಳನ್ನು ತಂದಿತು. 1991–92ರ ವೇಳೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ನಾಶಮಾಡಿತು. ಇನ್ನೊಂದು ಕಡೆ, 1940ರ ದಶಕದಿಂದ ಕಾಫಿ ಮಂಡಳಿಯು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ವ್ಯವಸ್ಥೆಯು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರನು ತನ್ನ ಕಾಫಿಯನ್ನು ತಾನೇ ಮಾರಿಕೊಳ್ಳಲು ಸಂಪೂರ್ಣ ಸ್ವತಂತ್ರನಾದನು. ಸ್ವಾತಂತ್ರ್ಯದೊಡನೆ ಮಾರುವ ಕಷ್ಟವೂ ಅವನ ಪಾಲಿಗೆ ಬಂದಿತು. ಹೆಸರು, ಪೊಟ್ಟಣ, ಜಾಹೀರಾತು ಇವೆಲ್ಲಕ್ಕೂ ಬೇಕಾದ ಬಂಡವಾಳ ಬೆಳೆಗಾರರ ಕೈಯಲ್ಲಿರಲಿಲ್ಲ, ಇದ್ದವರು ನಗರದಲ್ಲಿದ್ದರು.

ಹೀಗೆ ಬೆಳೆಯುವವನು ಬೇರೆ, ಹೂಡುವವನು ಬೇರೆ ಆದನು. 2005ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಟ್ಸಿ ಎಂಬ ಆನ್‌ಲೈನ್ ಸಂತೆಯು ಕೈಯಿಂದ ಮಾಡಿದ ವಸ್ತುಗಳನ್ನು ಮಾರಿ, ಸಾಮಾಜಿಕ ಹೊಣೆಗಾರಿಕೆಯ ಪ್ರಮಾಣಪತ್ರವಾದ ಬಿ ಕಾರ್ಪ್ ಮುದ್ರೆಯನ್ನು 2012ರಲ್ಲಿ ಪಡೆದು, 2015ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ಎರಡು ವರ್ಷಗಳು ಕಳೆಯುವಷ್ಟರಲ್ಲಿ ವೆಚ್ಚ ಹೆಚ್ಚಾಯಿತೆಂದು ಹೂಡಿಕೆದಾರರು ಒತ್ತಾಯ ತಂದರು. ಮುಖ್ಯಾಧಿಕಾರಿ ಬದಲಾದರು, ನೌಕರರು ಕಡಿಮೆಯಾದರು, ಬಿ ಕಾರ್ಪ್ ಮುದ್ರೆಯನ್ನೂ ಸಂಸ್ಥೆಯು ಬಿಟ್ಟುಕೊಟ್ಟಿತು. ಆಮೇಲಿನ ಕೆಲವು ವರ್ಷಗಳಲ್ಲಿ ಅದರ ಷೇರಿನ ಬೆಲೆ ಬಹುಪಟ್ಟು ಏರಿತೆಂಬುದನ್ನೂ ಹೇಳದೆ ಬಿಟ್ಟರೆ ಕಥೆ ಅಪೂರ್ಣವಾಗುತ್ತದೆ. ಲಾಭಕ್ಕಾಗಿ ಕೊಂಡವರು ಗೆದ್ದರು. ಮುದ್ರೆಯನ್ನು ನಂಬಿ ಕೊಂಡವರಿಗೆ ತಾವು ಕೊಂಡದ್ದೇನೆಂಬ ಸಂಶಯ ಉಳಿದಿರಬೇಕು.

ನಮ್ಮಲ್ಲಿ ಫ್ಯಾಬ್‌ಇಂಡಿಯಾ ಬೇರೆ ಉಪಾಯವನ್ನು ಹೂಡಿತು. 1960ರಲ್ಲಿ ಜಾನ್ ಬಿಸೆಲ್ ಅವರು ಆರಂಭಿಸಿದ ಈ ಸಂಸ್ಥೆಯು 2007ರ ಸುಮಾರಿಗೆ ಕುಶಲಕರ್ಮಿಗಳೇ ಪಾಲುದಾರರಾಗಬಹುದಾದ ಪ್ರಾದೇಶಿಕ ಕಂಪನಿಗಳನ್ನು ರಚಿಸಿತು. 2022ರಲ್ಲಿ ಷೇರುಪೇಟೆಗೆ ಬರಲು ಅರ್ಜಿ ಹಾಕಿದಾಗ, ಪ್ರವರ್ತಕರು ಏಳು ಲಕ್ಷಕ್ಕೂ ಮೀರಿದ ತಮ್ಮ ಷೇರುಗಳನ್ನು ಕುಶಲಕರ್ಮಿಗಳಿಗೂ ರೈತರಿಗೂ ಕೊಡುಗೆಯಾಗಿ ಕೊಡುವ ಸಂಕಲ್ಪವನ್ನು ಪ್ರಕಟಿಸಿದರು. ಮರುವರ್ಷ ಆ ಅರ್ಜಿಯನ್ನೇ ಹಿಂದಕ್ಕೆ ಪಡೆಯಲಾಯಿತು. ಬೆಂಗಳೂರಿನಲ್ಲಿ ಶಿವ ದೇವಿರೆಡ್ಡಿಯವರ ಗೋಕೂಪ್ ಕೈಮಗ್ಗದ ಸಹಕಾರ ಸಂಘಗಳನ್ನು ಅಂತರ್ಜಾಲದ ಮೂಲಕ ಗ್ರಾಹಕರೊಡನೆ ಜೋಡಿಸಲು ಹೊರಟಿತು. ಬ್ಲ್ಯಾಕ್ ಬಾಜಾದಂತಹ ಸಂಸ್ಥೆ ನೆರಳುಮರಗಳನ್ನು ಉಳಿಸುವ ಸಣ್ಣ ಬೆಳೆಗಾರರ ಕಾಫಿಗೆ ಪೇಟೆಯನ್ನು ಹುಡುಕಿತು.

ಇನ್ನೊಂದು ಕೊನೆಯಲ್ಲಿ ನಿಂತದ್ದು ಸಾಗರದ ಬಳಿಯ ಹೆಗ್ಗೋಡಿನ ಚರಕ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ಆರಂಭವಾದ ಈ ಮಹಿಳಾ ಸಹಕಾರ ಸಂಘದ ಸದುದ್ದೇಶವನ್ನು ಶಂಕಿಸಿದವರಿಲ್ಲ; ಒಡೆತನವೂ ದುಡಿಯುವವರದೇ. ಆದರೂ 2020ರಲ್ಲಿ ಅದು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಸಾರಬೇಕಾಗಿ ಬಂದಿತು. ನೂಲನ್ನು ಇಂದು ಕೊಂಡು, ಬಣ್ಣ ಹಾಕಿಸಿ, ನೇಯಿಸಿ, ಹೊಲಿಸಿ, ತಿಂಗಳುಗಳ ಮೇಲೆ ಹಣ ಕಾಣುವ ಉದ್ಯೋಗದಲ್ಲಿ ದುಡಿಯುವ ಬಂಡವಾಳವು ಬತ್ತಿದರೆ ಧರ್ಮವೊಂದೇ ಕೂಲಿಯನ್ನು ಕೊಡಲಾರದು.

ಮತ್ತೆ ಕೂಡಿಸುವ ಯತ್ನ

ಬೇರೆಯಾದ ಇಬ್ಬರನ್ನು ಕಾನೂನಿನ ಮೂಲಕ ಮತ್ತೆ ಒಂದುಗೂಡಿಸುವ ಪ್ರಯತ್ನವಾಗಿ, ವೈ. ಕೆ. ಅಲಘ್ ಸಮಿತಿಯ ವರದಿಯನ್ನನುಸರಿಸಿ, 2003ರ ಫೆಬ್ರವರಿಯಿಂದ ಉತ್ಪಾದಕರ ಕಂಪನಿ ಎಂಬ ರೂಪವು ಜಾರಿಗೆ ಬಂದಿತು. ಕನಿಷ್ಠ 10 ಮಂದಿ ಉತ್ಪಾದಕರು ಸೇರಿ ಇದನ್ನು ಕಟ್ಟಬಹುದು. ಹೊರಗಿನವರು ಇದರ ಷೇರನ್ನು ಪೇಟೆಯಲ್ಲಿ ಕೊಳ್ಳುವಂತಿಲ್ಲ. ಪಾಲಿನ ಹಣಕ್ಕೆ ಮಿತವಾದ ಪ್ರತಿಫಲ, ಒದಗಿಸಿದ ಸರಕಿನ ಪ್ರಮಾಣಕ್ಕೆ ತಕ್ಕ ಬೋನಸ್ಸು. ಹಳೆಯ ಸಹಕಾರ ಸಂಘದ ಆತ್ಮಕ್ಕೆ ಕಂಪನಿಯ ಶರೀರವನ್ನು ಕೊಟ್ಟಂತಾಯಿತು. 2020ರಲ್ಲಿ ಇಂತಹ 10,000 ರೈತ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರ ಸರಕಾರವು ಆರಂಭಿಸಿ, ಪ್ರತಿ ಸದಸ್ಯನ ಪಾಲಿಗೆ ಸರಿಸಮವಾಗಿ 2,000 ರೂಪಾಯಿಯವರೆಗೆ ಅನುದಾನವನ್ನು ನಿಗದಿಮಾಡಿತು.

ಹೊರಗಿನ ಹೂಡಿಕೆದಾರನಿಗಾಗಿ ತೆರೆದದ್ದು ಮತ್ತೊಂದು ಬಾಗಿಲು. 2019ರ ಮುಂಗಡಪತ್ರದಲ್ಲಿ ಘೋಷಿತವಾದ, ಸಮಾಜಸೇವೆಯ ಸಂಸ್ಥೆಗಳು ಹಣ ಕೂಡಿಸಬಹುದಾದ ಸಾಮಾಜಿಕ ಷೇರು ವಿನಿಮಯ ಕೇಂದ್ರಕ್ಕೆ 2022ರಲ್ಲಿ ಷೇರುಪೇಟೆಯ ನಿಯಂತ್ರಕ ಮಂಡಳಿಯಾದ ಸೆಬಿಯು ನಿಯಮಗಳನ್ನು ರಚಿಸಿತು. 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊದಲು ಪಟ್ಟಿಯಾದ ಗೌರವ ಬೆಂಗಳೂರಿನ ಉನ್ನತಿ ಪ್ರತಿಷ್ಠಾನದ್ದು. ಅದು 1.8 ಕೋಟಿ ರೂಪಾಯಿಗಳನ್ನು ಸಂಗ್ರಹಿಸಿದ ಪತ್ರಗಳಿಗೆ ಬಡ್ಡಿಯೂ ಇಲ್ಲ, ಅಸಲೂ ಮರಳುವುದಿಲ್ಲ. ದಾನವನ್ನು ದಾನವೆಂದೇ ಬರೆದುಕೊಡುವ ಈ ಪ್ರಾಮಾಣಿಕತೆಯು ದಾನವನ್ನು ಲಾಭದ ಭಾಷೆಯಲ್ಲಿ ಮರೆಮಾಡುವುದಕ್ಕಿಂತ ಎಷ್ಟೋ ಮೇಲು.

ಅಳೆಯುವ ಬಗೆ

ಈ ಇತಿಹಾಸವು ಕಲಿಸುವ ಮುಖ್ಯ ಪಾಠವನ್ನು ಒಂದು ಲೆಕ್ಕದಲ್ಲಿ ಕಾಣಬಹುದು. ಕೊಡಗಿನ ಜೇನಿನ ಒಂದು ಬಾಟಲಿಯನ್ನು ಆನ್‌ಲೈನ್ ಅಂಗಡಿಯೊಂದು 500 ರೂಪಾಯಿಗೆ ಮಾರುತ್ತದೆಂದು ಊಹಿಸೋಣ. ತೆರಿಗೆಯನ್ನು ಬದಿಗಿಟ್ಟರೆ, ಜೇನುಕೃಷಿಕನಿಗೆ 250, ಸೋಸಿ ತುಂಬಿ ಲೇಬಲ್ ಅಂಟಿಸುವುದಕ್ಕೆ 60, ಸಾಗಣೆಗೆ 70, ಜಾಹೀರಾತಿಗೆ 80 ಹೋಗಲಾಗಿ ಮಿಕ್ಕದ್ದು 40. ಕಚೇರಿಯ ಸಂಬಳ, ಒಡೆದ ಬಾಟಲಿ, ಮರಳಿ ಬಂದ ಸರಕು ಎಲ್ಲವೂ ಆ 40ರೊಳಗೇ ಆಗಬೇಕು. ಕೃಷಿಕನಿಗೆ 20 ರೂಪಾಯಿಗಳನ್ನು ಹೆಚ್ಚಾಗಿ ಕೊಟ್ಟರೆ ಉಳಿಕೆಯಲ್ಲಿ ಅರ್ಧ ಕರಗಿತು. ಬೆಳೆದವನಿಗೆ ಕೊಟ್ಟ ಬೆಲೆಯು ಹೂಡಿದವನಿಗೆ ವೆಚ್ಚ. ಸಂಘದಲ್ಲಿ ಇಬ್ಬರೂ ಒಬ್ಬನೇ ಆದ್ದರಿಂದ ಈ ವಿರೋಧವು ತಾನಾಗಿ ಶಮನವಾಗುತ್ತಿತ್ತು, ಕಂಪನಿಯಲ್ಲಿ ಅದು ಪ್ರತಿ ಬಾಟಲಿಯ ಮೇಲೂ ಮರುಹುಟ್ಟು ಪಡೆಯುತ್ತದೆ.

ಆದಕಾರಣ ಹೂಡುವವನು ಮೊದಲು ಓದತಕ್ಕದ್ದು ಪೊಟ್ಟಣದ ಮೇಲಿನ ಕಥೆಯನ್ನಲ್ಲ, ಕಂಪನಿಯ ನಿಬಂಧನೆಗಳನ್ನು. ಬೆಳೆಗಾರನ ಬೆಲೆಯನ್ನು ಇಳಿಸುವ ಅಧಿಕಾರ ಯಾರದು, ಬೇಡವೆನ್ನುವ ಮತ ಅವನಿಗುಂಟೆ ಎಂಬುದು ತಿಳಿಯದೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ. ಆಮೇಲೆ ಹಣದ ಹರಿವು: ಬೆಳೆಗಾರನಿಗೆ ಎಷ್ಟು ದಿನದಲ್ಲಿ ಸಲ್ಲುತ್ತದೆ, ಗ್ರಾಹಕನಿಂದ ಎಷ್ಟು ದಿನದಲ್ಲಿ ಬರುತ್ತದೆ, ನಡುವಿನ ತಿಂಗಳುಗಳನ್ನು ಯಾರ ಹಣ ತುಂಬುತ್ತದೆ; ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಸರಕು ನಿಂತರೆ ನಷ್ಟವನ್ನು ಹೊರುವವರು ಯಾರು. ಮೂರನೆಯದು ಹೇಳಿಕೆಯ ಪ್ರಮಾಣ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 13 ಜೇನಿನ ಬ್ರ್ಯಾಂಡುಗಳನ್ನು ಪರೀಕ್ಷೆಗೊಳಪಡಿಸಿದಾಗ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾದುವು 3 ಮಾತ್ರ. ಶುದ್ಧತೆಯೇ ಸರಕಾಗಿರುವ ಅಂಗಡಿಯಲ್ಲಿ ಪರೀಕ್ಷೆಯ ವೆಚ್ಚವು ಲೆಕ್ಕಪತ್ರದಲ್ಲಿ ಕಾಣದಿದ್ದರೆ ಸಂಶಯಪಡುವುದು ನ್ಯಾಯವೇ. 2022–23ರಿಂದ ದೇಶದ ಅಗ್ರ 1,000 ಪಟ್ಟಿಯಾದ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ವಿಸ್ತೃತ ವರದಿಯನ್ನು ಕೊಡಬೇಕೆಂದು ಸೆಬಿಯು ವಿಧಿಸಿದೆ. ನಾವು ಹೇಳುತ್ತಿರುವ ಸಣ್ಣ ಅಂಗಡಿಗಳಿಗೆ ಆ ಕಟ್ಟಳೆ ಇಲ್ಲವಾದ್ದರಿಂದ ಕೇಳುವ ಕೆಲಸ ಹೂಡುವವನದೇ. ಕಡೆಯದು ಹೊರಬರುವ ದಾರಿ: ಸಹಕಾರದ ಪಾಲು ಸಾಮಾನ್ಯವಾಗಿ ಮುಖಬೆಲೆಗೇ ಮರಳುತ್ತದೆ, ಖಾಸಗಿ ಕಂಪನಿಯ ಷೇರಿಗೆ ಹಣ ಬರುವುದು ಹೆಚ್ಚಾಗಿ ಮತ್ತೊಬ್ಬ ದೊಡ್ಡವನು ಅದನ್ನು ಕೊಂಡಾಗ, ಕೊಂಡವನು ಹಳೆಯ ಪ್ರತಿಜ್ಞೆಗೆ ಬದ್ಧನಾಗಿರಲೇಬೇಕೆಂದೇನೂ ಇಲ್ಲ.

ಕರಿಕೆಯ ಬೆಳೆಗಾರನು ತನ್ನದೇ ಉತ್ಪಾದಕ ಕಂಪನಿಯ ಪಾಲನ್ನು ಕೊಳ್ಳುವಾಗ ಲಾಭಾಂಶವನ್ನು ಮರೆತು, ವರ್ಷದ ಕೊನೆಯಲ್ಲಿ ತನ್ನ ಮೆಣಸಿಗೆ ಪೇಟೆಗಿಂತ ಎಷ್ಟು ಹೆಚ್ಚು ಬಂದಿತೆಂದು ನೋಡಿದರೆ ಸಾಕು. ಅವನ ಊರಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲಸಿದ ಅಣ್ಣನ ಮಗನೊಬ್ಬನು ಹಣ ಹೂಡುವಾಗ ಮಾತ್ರ, ತಾನು ಎಷ್ಟು ಲಾಭವನ್ನು ಬಿಟ್ಟುಕೊಡಲು ಸಿದ್ಧನೆಂಬುದನ್ನು ಮೊದಲೇ ಅಂಕಿಯಲ್ಲಿ ಬರೆದುಕೊಳ್ಳಬೇಕು, ಬೆಳೆಗಾರನ ಮತವು ನಿಬಂಧನೆಯಲ್ಲಿ ಇದೆಯೇ ಎಂದು ನೋಡಬೇಕು. ಇದ್ದಲ್ಲಿ ಷೇರನ್ನು ಕೊಳ್ಳಲಿ. ಇಲ್ಲದಿದ್ದಲ್ಲಿ, ಅಂಗಡಿ ಒಳ್ಳೆಯದೆಂಬ ನಂಬಿಕೆಯೊಂದೇ ಇದ್ದರೆ, ಅದರ ಜೇನನ್ನು ಕೊಂಡು ತೃಪ್ತನಾಗಲಿ.