ಅನ್ನ ಬೇಕಾದಷ್ಟು, ರೊಟ್ಟಿ ಮಾತ್ರ ಎರಡೇ: ಖಾನಾವಳಿಯ ಈ ಲೆಕ್ಕ ಏನು?

[ರೊಟ್ಟಿ ಬಡಿಯುವ ಸದ್ದು]

ತಪ್ ತಪ್ ತಪ್ ಅಂತ ಕೇಳಿಸ್ತಲ್ಲ, ಅದು ಚಪ್ಪಾಳೆ ಅಲ್ಲ. ಬೆಂಗಳೂರಿನ ವಿಜಯನಗರದ ಕಡೆ, ನನ್ನ ರೂಮಿನಿಂದ ಐದು ನಿಮಿಷ ನಡೆದರೆ ಒಂದು ಖಾನಾವಳಿ ಸಿಗುತ್ತೆ. ಅದರ ಅಡುಗೆಮನೆಯಲ್ಲಿ ನಾನೇ ಫೋನ್ ಹಿಡ್ಕೊಂಡು ರೆಕಾರ್ಡ್ ಮಾಡಿದ್ದು. ಗಂಡ ಹೆಂಡತಿ ಸೇರಿ ನಡೆಸೋ ಪುಟ್ಟ ಜಾಗ, ಆರು ಟೇಬಲ್. ಬಾಗಲಕೋಟೆ ಕಡೆಯವರು. ಅವರು ಗಲ್ಲಾದಲ್ಲಿ, ಇವರು ಒಲೆ ಮುಂದೆ.

ಇವತ್ತಿನ ಎಪಿಸೋಡ್ ಇರೋದು ಆ ಖಾನಾವಳಿಯ ಗೋಡೆ ಮೇಲಿನ ಒಂದು ಬೋರ್ಡಿನ ಬಗ್ಗೆ. "ಊಟ 120 ರೂ. ಅನ್ನ, ಸಾರು ಬೇಕಾದಷ್ಟು. ರೊಟ್ಟಿ 2. ಹೆಚ್ಚಿನ ರೊಟ್ಟಿ ಒಂದಕ್ಕೆ 20 ರೂ." ಬೆಂಗಳೂರಲ್ಲಿ ಜೋಳದ ರೊಟ್ಟಿ ಊಟ ಮಾಡೋರಿಗೆ ಈ ಥರದ ಬೋರ್ಡ್ ಹೊಸದೇನಲ್ಲ. ಆದ್ರೆ ರೊಟ್ಟಿ ಊಟ ಅಂತ ಹೆಸರಿಟ್ಟು, ರೊಟ್ಟಿಯನ್ನೇ ಎಣಿಸಿ ಕೊಡೋದು ಯಾಕೆ?

ಮೊದಲು ನನ್ನ ತಪ್ಪು ಒಪ್ಕೊಂಡುಬಿಡ್ತೀನಿ. ನಾನು ತುಮಕೂರು ಜಿಲ್ಲೆಯವನು, ಮುದ್ದೆ ತಿಂದು ಬೆಳೆದವನು. ರೊಟ್ಟಿ ರುಚಿ ಹತ್ತಿದ್ದು ಧಾರವಾಡದಲ್ಲಿ ಓದುವಾಗ. ಅಲ್ಲಿ ನಾನು ತಿಂಗಳ ಲೆಕ್ಕ ಬರೆಸಿದ್ದ ಖಾನಾವಳಿಯಲ್ಲಿ ರೊಟ್ಟಿ ಬೇಡ ಅನ್ನೋವರೆಗೂ ಹಾಕೋರು. ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಮಾತ್ರ ನಿಲ್ಲಿಸೋರು. ಆ ನೆನಪಲ್ಲೇ ಇಲ್ಲಿಗೆ ಬಂದು, ನಾಲ್ಕು ರೊಟ್ಟಿ ತಿಂದು, ಬಿಲ್ 160 ಅಂದಾಗ ಸಿಟ್ಟು ಬಂತು. ರೂಮಿಗೆ ಹೋಗಿ ಗೂಗಲ್ ಮ್ಯಾಪ್ಸ್‌ನಲ್ಲಿ ಎರಡು ಸ್ಟಾರ್ ಒತ್ತಿ, "ರುಚಿ ಓಕೆ, ಆದ್ರೆ ರೊಟ್ಟಿಗೆ ಎಕ್ಸ್‌ಟ್ರಾ ದುಡ್ಡು ಕೀಳ್ತಾರೆ" ಅಂತ ಬರೆದೆ. ಪ್ರೊಫೈಲ್ ಫೋಟೋ ನನ್ನದೇ ಇದೆ ಅನ್ನೋದು ಆ ಹೊತ್ತಲ್ಲಿ ನೆನಪಾಗಲಿಲ್ಲ.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ಹೋಗದೆ ಇರೋಕೆ ಆಗಲ್ಲ, ಅಂಥ ಬದನೆಕಾಯಿ ಎಣಗಾಯಿ. ಅಡುಗೆಮನೆ ಕಿಟಕಿಯಿಂದ ಅಕ್ಕ ಒಮ್ಮೆ ನೋಡಿದ್ರು, ಇನ್ನೊಮ್ಮೆ ನೋಡಿದ್ರು.

"ಎರಡ ಸ್ಟಾರ್ ಕೊಟ್ಟಾಂವ ನೀನ ಅಲ್ಲೇನೋ ತಮ್ಮಾ?"

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತುಹೋಯ್ತು. ಅವರ ಮಗಳು ಪಿಯುಸಿ ಓದ್ತಾಳಂತೆ, ರಾತ್ರಿ ಕೂತು ರಿವ್ಯೂ ಎಲ್ಲ ಅಮ್ಮನಿಗೆ ಓದಿ ಹೇಳ್ತಾಳಂತೆ. "ಸಿಟ್ಟೇನಿಲ್ಲಪಾ. ಊಟ ಮುಗಿಸಿ ಒಳಗ ಬಾ, ಒಮ್ಮೆ ನೋಡು" ಅಂದ್ರು. ಒಳಗೆ ಹೋದೆ. ಈ ಎಪಿಸೋಡ್ ಹುಟ್ಟಿದ್ದು ಹಾಗೆ.

ಒಲೆ ಹತ್ತಿರ ಹೋಗೋಕೆ ಮುಂಚೆ ತಾಟಿನಲ್ಲಿ ಏನೇನಿರುತ್ತೆ ಹೇಳಿಬಿಡ್ತೀನಿ. ಎರಡು ಬಿಸಿ ರೊಟ್ಟಿ. ಎಣಗಾಯಿ, ಅಂದ್ರೆ ಎಳೆ ಬದನೆಕಾಯಿ ಸೀಳಿ, ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಒಂಚೂರು ಬೆಲ್ಲದ ಮಸಾಲೆ ತುಂಬಿದ್ದು. ಒಂದು ಕಾಳು ಪಲ್ಯ, ಹೆಸರುಕಾಳೋ ಮಡಕಿಕಾಳೋ, ಆ ದಿನ ಯಾವುದು ನೆನೆಹಾಕಿದ್ರೋ ಅದು. ಶೇಂಗಾ ಹಿಂಡಿ, ಪಕ್ಕದಲ್ಲಿ ಮೊಸರು. ಹಿಂಡಿಗೆ ಗುಂಡಿ ಮಾಡಿ ಮೊಸರು ಬಿಟ್ಟು ಕಲಸಿ, ಅದರಲ್ಲಿ ರೊಟ್ಟಿ ಅದ್ದಿ ತಿನ್ನಬೇಕು. ಎಣ್ಣೆ ಹಾಕಿಸ್ಕೊಳ್ಳೋರೂ ಇದ್ದಾರೆ. ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಸೀಸನ್ ಇದ್ರೆ ಹಸಿ ಮೆಂತ್ಯದ ಸೊಪ್ಪು, ಬೇಯಿಸದೆ ಹಾಗೇ. ಮೆಂತ್ಯೆ ಹಸಿಯಾಗಿ ತಿಂತಾರೆ ಅಂದ್ರೆ ನಮ್ಮಮ್ಮ ಇವತ್ತಿಗೂ ನಂಬಲ್ಲ. ಕೊನೆಗೆ ಅನ್ನ, ಸಾರು, ಮಜ್ಜಿಗೆ.

ಈ ಜೋಡಿ ಸುಮ್ನೆ ಕೂಡಿಬಂದಿದ್ದಲ್ಲ. ಜೋಳದ ಪ್ರೊಟೀನ್‌ನಲ್ಲಿ ಲೈಸಿನ್ ಅನ್ನೋ ಅಂಶ ಕಡಿಮೆ. ಕಾಳುಗಳಲ್ಲಿ ಅದು ಜಾಸ್ತಿ. ಎರಡೂ ಸೇರಿದ್ರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಹಿಂಡಿಗಳು ಒಣಗಿದ್ದು, ವಾರಗಟ್ಟಲೆ ಕೆಡಲ್ಲ. ಮಳೆ ನಂಬೋಕಾಗದ ಸೀಮೆಯಲ್ಲಿ, ತರಕಾರಿ ಇಲ್ಲದ ದಿನವೂ ಊಟ ನಡೀಬೇಕು ಅಂದ್ರೆ ಇಂಥದ್ದೇ ಬೇಕು.

ಖಾನಾವಳಿ ಅನ್ನೋ ಪದ ಕೂಡ ಹೋಟೆಲ್ ಅನ್ನೋದಕ್ಕೆ ಇನ್ನೊಂದು ಹೆಸರಲ್ಲ. ಮರಾಠಿಯಲ್ಲಿ ಇದನ್ನೇ ಖಾಣಾವಳ ಅಂತಾರೆ. ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ 1956ರವರೆಗೆ ಮುಂಬೈ ಆಡಳಿತದ ಕೆಳಗೇ ಇದ್ದವು, ಹಾಗಾಗಿ ಎರಡೂ ಕಡೆ ಈ ಪದ್ಧತಿ ಒಂದೇ ಥರ. ಮುಂಬೈಯಲ್ಲಿ ಗಿರಣಿ ಕೆಲಸಕ್ಕೆ ಬಂದ ಗಂಡಸರು ಹೆಂಡತಿ ಮಕ್ಕಳನ್ನ ಊರಲ್ಲಿ ಬಿಟ್ಟು ಬರೋರು. ಅವರಿಗೆ ತಿಂಗಳ ಲೆಕ್ಕದಲ್ಲಿ ಮನೆಯಲ್ಲೇ ಅಡುಗೆ ಮಾಡಿ ಹಾಕ್ತಿದ್ದವರು ಹೆಂಗಸರು. ಅಂಥ ಹೆಂಗಸರನ್ನ ಸೇರಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣ ಮಹಿಳಾ ಮಂಡಲ ಅಂತ ಸಂಘ ಕಟ್ಟಿದ್ರು, ಯಾಕಂದ್ರೆ ಇವರ ದುಡಿಮೆಯನ್ನ ಯಾರೂ ದುಡಿಮೆ ಅಂತ ಲೆಕ್ಕ ಹಿಡೀತಿರಲಿಲ್ಲ, ಬ್ಯಾಂಕಲ್ಲಿ ಸಾಲವೂ ಹುಟ್ಟುತ್ತಿರಲಿಲ್ಲ. ಖಾನಾವಳಿಯಲ್ಲಿ ಮೆನು ಕಾರ್ಡ್ ಇರಲ್ಲ. ಅವತ್ತು ಏನು ಮಾಡಿದ್ರೋ ಅದೇ ಊಟ. (ಒಂದು ವಿಷಯ, ಬೋರ್ಡಲ್ಲಿ "ಸಾವಜಿ" ಅಂತಿದ್ರೆ ಅದು ಮಾಂಸದೂಟದ ಖಾನಾವಳಿ, ಖಾರ ಕಣ್ಣಲ್ಲಿ ನೀರು ತರಿಸೋ ಅಷ್ಟು. "ಲಿಂಗಾಯತ ಖಾನಾವಳಿ" ಅಂತಿದ್ರೆ ಸಸ್ಯಾಹಾರ. ಗೊತ್ತಿಲ್ಲದೆ ಹೋಗಿ ಪೇಚಾಡಿದ ಫ್ರೆಂಡ್ಸ್ ನನಗಿದ್ದಾರೆ.)

ಈಗ ಲೆಕ್ಕಕ್ಕೆ ಬರೋಣ. ನನ್ನ ಮೊದಲ ಊಹೆ, ಜೋಳ ಅಕ್ಕಿಗಿಂತ ದುಬಾರಿ, ಅದಕ್ಕೇ ಎಣಿಸ್ತಾರೆ ಅಂತ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ನೋಡಿ. ಮಾಲದಂಡಿ ಜೋಳ, ಅಂದ್ರೆ ರೊಟ್ಟಿಗೆ ಹೆಸರಾದ ಬಿಳಿಜೋಳ, ಕ್ವಿಂಟಲ್‌ಗೆ 3,749 ರೂಪಾಯಿ. ಸಾಮಾನ್ಯ ಭತ್ತ 2,369. ಮೇಲ್ನೋಟಕ್ಕೆ ದೊಡ್ಡ ವ್ಯತ್ಯಾಸ. ಆದ್ರೆ ಭತ್ತವನ್ನ ಹಾಗೇ ಬೇಯಿಸಿ ತಿನ್ನೋಕಾಗಲ್ಲ ಅಲ್ವಾ. ಮಿಲ್ ಮಾಡಿಸಿದ್ರೆ 100 ಕೆಜಿಗೆ 67 ಕೆಜಿ ಅಕ್ಕಿ ಅಂತ ಲೆಕ್ಕ. ಹಾಗೆ ನೋಡಿದ್ರೆ ಅಕ್ಕಿ ಕೆಜಿಗೆ 35 ರೂಪಾಯಿ ಮೇಲಾಯ್ತು, ಜೋಳ ಮೂವತ್ತೇಳೂವರೆ. ಜೋಳ ಬೀಸಿದ್ರೆ ಹೆಚ್ಚುಕಮ್ಮಿ ಅಷ್ಟೂ ಹಿಟ್ಟಾಗುತ್ತೆ. ಅಂಗಡಿ ರೇಟು ಇದಕ್ಕಿಂತ ಜಾಸ್ತಿ ಇರುತ್ತೆ, ನಿಜ. ಆದ್ರೂ ಕಾಳಿನ ಬೆಲೆಯೊಂದೇ ಈ ಬೋರ್ಡಿಗೆ ಕಾರಣ ಆಗಲ್ಲ. ಒಂದು ಕೆಜಿ ಹಿಟ್ಟಲ್ಲಿ ಹನ್ನೆರಡು ಹದಿಮೂರು ರೊಟ್ಟಿ ಆಗುತ್ತೆ ಅಂದ್ರು ಅಕ್ಕ. ಒಂದು ರೊಟ್ಟಿಯ ಹಿಟ್ಟಿಗೆ ಅಬ್ಬಬ್ಬಾ ಅಂದ್ರೆ ಐದು ರೂಪಾಯಿ. ಉಳಿದ ಹದಿನೈದು ಎಲ್ಲಿ ಹೋಯ್ತು?

[ಮತ್ತೆ ರೊಟ್ಟಿ ಬಡಿಯುವ ಸದ್ದು]

ಇಲ್ಲಿ ಹೋಯ್ತು.

ಗೋಧಿ ಹಿಟ್ಟನ್ನ ಕಲಸಿದ್ರೆ ಗ್ಲುಟೆನ್ ಅನ್ನೋ ಪ್ರೊಟೀನ್ ಬಲೆ ಥರ ಹೆಣೆದುಕೊಳ್ಳುತ್ತೆ. ಅದಕ್ಕೇ ಚಪಾತಿ ಎಳೆದ್ರೂ ಹಿಗ್ಗುತ್ತೆ, ಲಟ್ಟಣಿಗೆಗೆ ಬಗ್ಗುತ್ತೆ, ಹಿಟ್ಟು ಕಲಸಿ ಒಂದು ಗಂಟೆ ಬಿಟ್ರೂ ಏನಾಗಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರಲ್ಲಿ ಕಲಸಿದ್ರೆ ಮರಳಿನ ಮುದ್ದೆ ಥರ ಬಿರಿಯುತ್ತೆ. ಅದಕ್ಕೇ ಕುದಿಯೋ ಎಸರು ಹುಯ್ಯಬೇಕು. ಬಿಸಿಗೆ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತೆ, ಆ ಅಂಟೇ ರೊಟ್ಟಿಯನ್ನ ಹಿಡಿದಿಡೋದು. ಅಕ್ಕ ಅದಕ್ಕೆ "ಜಿಗಿ" ಅಂತಾರೆ. ಹಿಟ್ಟು ಹಳೇದಾದ್ರೆ ಜಿಗಿ ಹೋಗುತ್ತೆ, ರೊಟ್ಟಿ ಅಂಚಲ್ಲಿ ಬಿರುಕು ಬಿಡುತ್ತೆ. ಹಾಗಾಗಿ ತಿಂಗಳಿಗಾಗೋ ಅಷ್ಟು ಒಟ್ಟಿಗೆ ಬೀಸಿಡೋಕಾಗಲ್ಲ, ಆಗಾಗ ಗಿರಣಿಗೆ ಹೋಗಲೇಬೇಕು.

ಆಮೇಲೆ ನಾದೋದು. ಕೈ ಸುಡೋ ಹಿಟ್ಟು, ಅಂಗೈ ಬುಡದಲ್ಲಿ ಒತ್ತಿ ಒತ್ತಿ ನಾದಬೇಕು. ಅದೂ ಎಲ್ಲ ಒಟ್ಟಿಗೆ ಅಲ್ಲ, ಒಂದೆರಡು ರೊಟ್ಟಿಗಾಗುವಷ್ಟನ್ನೇ ಮತ್ತೆ ಮತ್ತೆ. ನಂತರ ಒಣಹಿಟ್ಟು ಉದುರಿಸಿ, ತಿರುಗಿಸ್ತಾ ತಿರುಗಿಸ್ತಾ ಬಡಿಯೋದು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಒಂಚೂರು ತಡವಾದ್ರೆ ಸೀಳುತ್ತೆ, ಉಬ್ಬಲ್ಲ.

ನಾನು ಫೋನಲ್ಲಿ ಟೈಮರ್ ಹಾಕಿದೆ. ಎರಡು ಹಂಚು, ಒಂದು ಬೇಯ್ತಾ ಇರೋವಾಗ ಇನ್ನೊಂದು ಬಡಿಯೋದು. ಮಧ್ಯೆ ಮಾತಿಲ್ಲ, ನೀರು ಕುಡಿಯೋದಿಲ್ಲ. ಹತ್ತು ರೊಟ್ಟಿಗೆ 14 ನಿಮಿಷ. ಮಧ್ಯಾಹ್ನಕ್ಕೆ ನೂರು ಜನ ಬಂದ್ರು ಅಂದ್ಕೊಳ್ಳಿ. ತಲೆಗೆ ಎರಡರಂತೆ 200 ರೊಟ್ಟಿ, 280 ನಿಮಿಷ. ನಾಲ್ಕು ಗಂಟೆ ನಲವತ್ತು ನಿಮಿಷ ಒಬ್ಬರೇ ಒಲೆ ಮುಂದೆ ನಿಂತಿರಬೇಕು. ನನ್ನ ಹಾಗೆ ಎಲ್ಲರೂ ನಾಲ್ಕು ತಿಂದ್ರೆ ಒಂಬತ್ತು ಗಂಟೆ ಮೀರುತ್ತೆ. ಊಟದ ಹೊತ್ತು ಇರೋದೇ ಹನ್ನೆರಡರಿಂದ ಮೂರು.

"ಅನ್ನ ಒಮ್ಮೆ ಇಟ್ರ ಆತು, ನೂರ ಮಂದಿ ಉಣ್ತಾರ. ರೊಟ್ಟಿ ಹಂಗಲ್ಲಪಾ, ಒಂದೊಂದಕ್ಕೂ ನಾ ನಿಲ್ಲಬೇಕು" ಅಂದ್ರು ಅಕ್ಕ.

ನಮ್ಮ ಮುದ್ದೆ ನೆನಪಾಯ್ತು. ಅದಕ್ಕೂ ರಟ್ಟೆ ಬೇಕು, ಕೋಲು ಹಿಡಿದು ತಿರುವೋದು ಸುಲಭ ಅಲ್ಲ. ಆದ್ರೆ ಒಂದು ಪಾತ್ರೆ ತಿರುವಿದ್ರೆ ಇಪ್ಪತ್ತು ಮೂವತ್ತು ಮುದ್ದೆ ಕಟ್ಟಬಹುದು. ರೊಟ್ಟಿಯಲ್ಲಿ ಆ ರಿಯಾಯಿತಿ ಇಲ್ಲ.

ಬೆಳಿಗ್ಗೆಯೇ ಮಾಡಿಟ್ಟುಬಿಡಬಹುದಲ್ಲ ಅಂತ ಕೇಳಿದೆ. ಅವರು ನಕ್ಕರು. ಬೆಂದ ಪಿಷ್ಟ ಆರುತ್ತಾ ಹೋದ ಹಾಗೆ ಬಿಗಿಯಾಗುತ್ತೆ, ಎರಡು ಗಂಟೆ ಬಿಟ್ಟ ರೊಟ್ಟಿ ಚರ್ಮದ ಥರ ಜಗ್ಗುತ್ತೆ. ಒಂದೋ ಬಿಸಿ ರೊಟ್ಟಿ, ಇಲ್ಲಾಂದ್ರೆ ಪೂರ್ತಿ ಒಣಗಿಸಿದ ಕಡಕ್ ರೊಟ್ಟಿ. ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತೆ, ದಾರಿ ಬುತ್ತಿಗೆ ಅಂತಲೇ ಇರೋದು, ಮೊಸರು ಹಿಂಡಿ ಜೊತೆ ಸೊಗಸು. ಆದ್ರೆ ಉಬ್ಬಿದ ಬಿಸಿ ರೊಟ್ಟಿ ಕೇಳಿ ಬಂದವರ ಮುಂದೆ ಅದನ್ನ ಇಟ್ರೆ ಮುಖ ಸಪ್ಪಗಾಗುತ್ತೆ.

ಹಾಗಾದ್ರೆ ಧಾರವಾಡದಲ್ಲಿ ಹೇಗೆ ಸಾಧ್ಯ ಆಯ್ತು? ಆಗ ನಾನು ಅಡುಗೆಮನೆಗೆ ಇಣುಕಿದವನೇ ಅಲ್ಲ. ಈಗ ನೆನಪು ಮಾಡ್ಕೊಂಡ್ರೆ, ಒಳಗಿಂದ ಯಾವಾಗಲೂ ನಾಲ್ಕೈದು ಹೆಂಗಸರ ಮಾತು ಕೇಳಿಸ್ತಿತ್ತು. ಆ ಸೀಮೆಯಲ್ಲಿ ರೊಟ್ಟಿ ಬಡಿಯೋಕೆ ಬರೋರು ಓಣಿ ಓಣಿಯಲ್ಲಿ ಸಿಗ್ತಾರೆ. ಅವರಿಗೆ ಎಷ್ಟು ಕೊಡ್ತಿದ್ರು, ನನ್ನ ಅನ್‌ಲಿಮಿಟೆಡ್ ರೊಟ್ಟಿಯ ದುಡ್ಡು ಯಾರ ಕೂಲಿಯಿಂದ ಬರ್ತಿತ್ತು, ನಾನು ಒಂದು ದಿನವೂ ಕೇಳಲಿಲ್ಲ. ಬೆಂಗಳೂರಲ್ಲಿ ರೊಟ್ಟಿ ಬಡಿಯೋರು ಸಿಗೋದೇ ಕಷ್ಟ. ಇಲ್ಲಿ ಮೊದಲು ಇಬ್ಬರಿದ್ರು. ಒಬ್ಬರು ಅಪಾರ್ಟ್‌ಮೆಂಟ್‌ನಲ್ಲಿ ಮನೆಗೆಲಸಕ್ಕೆ ಸೇರಿದ್ರು, ಅಲ್ಲಿ ದುಡ್ಡೂ ಜಾಸ್ತಿ, ಬೆಂಕಿಯ ಝಳವೂ ಇಲ್ಲ. ಇನ್ನೊಬ್ಬರು ದೀಪಾವಳಿಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ. ಈಗ ಅಕ್ಕ ಒಬ್ಬರೇ, ಮಧ್ಯಾಹ್ನ ಎರಡರ ಮೇಲೆ ಅವರ ಗಂಡನೇ ಗಲ್ಲಾ ಬಿಟ್ಟು ಹಂಚಿನ ಹತ್ತಿರ ನಿಲ್ತಾರೆ. ಬಡಿಯೋಕೆ ಅವರಿಗೆ ಬರಲ್ಲ, ನೀರು ಸವರಿ ಮಗುಚ್ತಾರೆ ಅಷ್ಟೇ.

ಅಕ್ಕನ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. "ರಾತ್ರಿ ಬ್ಯಾನಿ ಭಾಳ ಆಗತೈತಿ" ಅಂದು ಸುಮ್ಮನಾದ್ರು.

2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸ್ತು, ನೆನಪಿದೆಯಾ? ಜೋಳವೂ ಆ ಪಟ್ಟಿಯಲ್ಲಿತ್ತು. ಬಿಸ್ಕತ್ತು ಬಂತು, ನೂಡಲ್ಸ್ ಬಂತು, ಒಳ್ಳೇದೇ. ನಾನೂ ಒಂದೆರಡು ರೀಲ್ಸ್ ಮಾಡಿದ್ದೆ. ಜೋಳದ ಬಗ್ಗೆ ಅಷ್ಟೆಲ್ಲ ಮಾತಾಡಿದ ನಾನು ಆ ವರ್ಷ ಪೂರ್ತಿ ರೊಟ್ಟಿ ಬಡಿಯೋ ಕೈಯ ವಿಚಾರ ಎತ್ತಲೇ ಇಲ್ಲ.

ರಿವ್ಯೂ ಅಳಿಸ್ತೀನಿ ಅಂದೆ. ಅಕ್ಕ ಬೇಡ ಅಂದ್ರು. "ಇರಲಿ ಬಿಡು. ಅದನ್ನ ಓದಿ ಬಂದವರು ಬಿಲ್ ನೋಡಿ ಜಗಳ ತೆಗೆಯಂಗಿಲ್ಲ, ಮೊದಲ ಗೊತ್ತಿರತೈತಿ." ಸ್ಟಾರ್ ಮಾತ್ರ ಬದಲಾಯಿಸಿದೆ. ಸಾಲು ಹಾಗೇ ಇದೆ, ಕೆಳಗೆ ಹತ್ತು ರೊಟ್ಟಿಗೆ ಹದಿನಾಲ್ಕು ನಿಮಿಷ ಅಂತ ಸೇರಿಸಿದೀನಿ.

ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದ್ರು. ಮೂರು ದಾರಿ ಇದೆಯಂತೆ. ಒಂದು, ಊಟ 150 ಮಾಡಿ ಇನ್ನೊಬ್ಬರನ್ನ ಇಟ್ಕೊಳ್ಳೋದು. ಎರಡು, ರೊಟ್ಟಿ ಮಾಡೋ ಮಷಿನ್ ತರೋದು. ಅದರ ರೊಟ್ಟಿ ದುಂಡಗೆ ಒಂದೇ ಸಮ ಬರುತ್ತೆ, ಆದ್ರೆ ಅವರ ಬಾಯಿಗೆ ರುಚಿಸಿಲ್ಲ. ಮೂರು, ಹುಬ್ಬಳ್ಳಿಯಿಂದ ಬಸ್ಸಿಗೆ ಕಡಕ್ ರೊಟ್ಟಿ ತರಿಸಿ, ಬಿಸಿ ರೊಟ್ಟಿ ಭಾನುವಾರ ಮಾತ್ರ ಮಾಡೋದು. ಮಗಳು ಮಷಿನ್ ತಗೋ ಅಂತಾಳೆ, ಅಮ್ಮನ ಕೈ ನೋಡಿ. ಗಂಡನಿಗೆ 150 ಅಂದ್ರೆ ಹೆದರಿಕೆ, ಪಕ್ಕದ ರೋಡಲ್ಲಿ 80 ರೂಪಾಯಿಗೆ ಚಪಾತಿ ಊಟ ಸಿಗುತ್ತೆ.

"ನೀ ದಿನಾ ಬರಾಂವ. ನೂರಾ ಐವತ್ತಾದ್ರ ಬರ್ತೀಯೇನ?" ಅಂದ್ರು.

ಬರ್ತೀನಿ ಅಂದೆ. ದಿನಾನಾ ಅಂತ ಕೇಳಿದ್ರು. ಮನಸ್ಸಲ್ಲೇ ನನ್ನ ಸಂಬಳಕ್ಕೆ ಗುಣಿಸಿ ನೋಡಿ, ವಾರಕ್ಕೆ ಮೂರು ದಿನ ಅಂದೆ. ಅವರು ತಲೆಯಾಡಿಸಿ ಒಲೆ ಕಡೆ ತಿರುಗಿದ್ರು, ಹಂಚಿನ ಮೇಲಿದ್ದ ರೊಟ್ಟಿ ಉಬ್ಬೋ ಹೊತ್ತಾಗಿತ್ತು.

ನೀವು ಹತ್ತಿರದ ಖಾನಾವಳಿಗೆ ಹೋಗೋರಾದ್ರೆ, ಈ ಮೂರರಲ್ಲಿ ಯಾವುದಕ್ಕೆ ಹೂಂ ಅಂತೀರಿ? ವಾಯ್ಸ್ ನೋಟ್ ಕಳಿಸಿ, ಅರ್ಧ ನಿಮಿಷದ್ದು ಸಾಕು. ಸೋಮವಾರ ಅವರಿಗೆ ರಜೆ. ಮಂಗಳವಾರ ಮಧ್ಯಾಹ್ನ ಜನ ಕಮ್ಮಿ ಆದಮೇಲೆ ಹೋಗಿ, ಬಂದ ನೋಟ್‌ಗಳನ್ನೆಲ್ಲ ಅಕ್ಕನಿಗೆ ಕೇಳಿಸ್ತೀನಿ.